ನಾಲ್ಕು ಫ್ರೇಮ್ ಕಡಿಮೆ

2022ರ ಜೂನ್ ತಿಂಗಳಲ್ಲಿ ನಾನು ನಂಜನಗೂಡಿನ ಖಾಸಗಿ ಕಾಲೇಜೊಂದರ ಅನಿಮೇಶನ್ ವಿಭಾಗದಲ್ಲಿ ಉಪನ್ಯಾಸಕಿಯಾಗಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಲೇಔಟ್ ಕಲಾವಿದೆಯಾಗಿದ್ದೆ. ಅಂದರೆ, ದೃಶ್ಯದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಕ್ಯಾಮೆರಾ ಎಲ್ಲಿಂದ ನೋಡಬೇಕು ಎಂದು ತೀರ್ಮಾನಿಸುವ ಕೆಲಸ. ಮನೆ ತಿ. ನರಸೀಪುರದಲ್ಲಿತ್ತು. ಬೆಳಗ್ಗೆ ಬಸ್ಸಿನಲ್ಲಿ ನಂಜನಗೂಡಿಗೆ ಬಂದು ಸಂಜೆ ಮರಳುತ್ತಿದ್ದೆ. ಅಂತಿಮ ವರ್ಷದಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿಗಳಿದ್ದರು. ಪ್ರತಿಯೊಬ್ಬರೂ ಮೂರು ನಿಮಿಷದ ಒಂದು ಕಂಪ್ಯೂಟರ್ ಅನಿಮೇಶನ್ ಚಿತ್ರ ಮಾಡಬೇಕಿತ್ತು. ನಾನಿಲ್ಲಿ ಬರೆಯುತ್ತಿರುವುದು ಅವುಗಳಲ್ಲಿ ಒಂದರ ಬಗ್ಗೆ. ಆ ಚಿತ್ರ ತಯಾರಾಗಲೇ ಇಲ್ಲ, ಪರಿಕಲ್ಪನೆಯ ಹಂತದಲ್ಲೇ ನಿಂತಿತು. ಆದರೆ ಅಷ್ಟರೊಳಗೆ ಒಬ್ಬ ಹೆಂಗಸಿನ ಕೆಲಸ ಹೋಗಿತ್ತು. ಅದರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ನಡೆದ ಕ್ರಮದಲ್ಲೇ ಹೇಳಲು ಪ್ರಯತ್ನಿಸುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಪರಿಕಲ್ಪನೆಯ ಹಂತ ಎಂದರೇನು ಎಂದು ಮೊದಲು ಹೇಳಬೇಕು. ಅನಿಮೇಶನ್ ಎಂದರೆ ಕಂಪ್ಯೂಟರ್ ಮುಂದೆ ಕೂರುವುದು ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮಲ್ಲಿ ಮೊದಲ ಆರು ವಾರ ಯಾರೂ ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ಕಥೆಯನ್ನು ಎರಡು ಸಾಲಿನಲ್ಲಿ ಬರೆಯಬೇಕು. ಪಾತ್ರಗಳನ್ನು ಎಲ್ಲ ಕಡೆಯಿಂದ ನೋಡಿದಂತೆ ಚಿತ್ರಿಸಬೇಕು. ಆಮೇಲೆ ಇಡೀ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಬರೆದು ಗೋಡೆಗೆ ಹಚ್ಚಬೇಕು, ಇದು ಸ್ಟೋರಿಬೋರ್ಡ್. ಆ ಚೌಕಗಳನ್ನೇ ಫೋನಿನಲ್ಲಿ ಒಂದರ ಹಿಂದೆ ಒಂದು ಜೋಡಿಸಿ, ಯಾವುದು ಎಷ್ಟು ಹೊತ್ತು ಕಾಣಬೇಕು ಎಂದು ಅಳತೆ ಹಾಕಿದರೆ ಅದು ಅನಿಮ್ಯಾಟಿಕ್. ಅಳತೆಯ ಘಟಕ ಫ್ರೇಮ್. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮ್. ಕೊನೆಗೆ ಇದೆಲ್ಲವನ್ನೂ ಒಂದು ಪುಸ್ತಿಕೆಯಾಗಿ ಕಟ್ಟಿ ತೀರ್ಪುಗಾರರ ಮುಂದಿಡಬೇಕು. ಅವರು ಒಪ್ಪಿದರೆ ಮಾತ್ರ ಚಿತ್ರ.

ಪವಿತ್ರ ಕಳಲೆಯ ಕಡೆಯಿಂದ ಬರುತ್ತಿದ್ದ ಹುಡುಗಿ. ಮಾತು ಕಡಿಮೆ, ಗೆರೆ ಗಟ್ಟಿ. ಮೊದಲ ವಾರ ಅವಳು ತಂದ ಕಥೆ ಹೀಗಿತ್ತು: ಕಾಗದದ ರಾಜ್ಯವೊಂದರಲ್ಲಿ ಕತ್ತರಿ ಬಾಯಿಯ ರಾಕ್ಷಸನಿದ್ದಾನೆ, ಜನರ ಕೈಗಳನ್ನು ತಿನ್ನುತ್ತಾನೆ, ಒಬ್ಬ ಹುಡುಗಿ ಅವನನ್ನು ಸೋಲಿಸುತ್ತಾಳೆ. ಇಂಥ ರಾಕ್ಷಸರು ನನಗೆ ಪ್ರತಿವರ್ಷ ಐದಾರು ಜನ ಸಿಗುತ್ತಿದ್ದರು.

"ಈ ರಾಕ್ಷಸನನ್ನು ಎಲ್ಲಿ ನೋಡಿದ್ದೆ?" ಎಂದು ಕೇಳಿದೆ.

"ಎಲ್ಲೂ ಇಲ್ಲ, ಮೇಡಂ."

"ಹಾಗಾದರೆ ಬಿಡು. ನೋಡಿದ್ದನ್ನು ತಾ. ನಿನ್ನನ್ನು ಬಿಟ್ಟು ಬೇರೆಯವರಿಗೆ ಗೊತ್ತಿಲ್ಲದ್ದನ್ನು ತಾ."

ಅವಳು ಕಥೆಯ ಹಾಳೆಯನ್ನು ಮಡಚಿಕೊಂಡಳು. "ನೋಡಿರೋದನ್ನೇ ತರ್ಬೇಕಾ ಮೇಡಂ?" ಎಂದು ಕೇಳಿದಳು. ಹೌದು ಎಂದೆ. ಆ ರಾಕ್ಷಸ ಅವಳು ತನ್ನ ಮನೆಯ ವಿಷಯಕ್ಕೆ ತಾನೇ ಹೊದಿಸಿದ್ದ ಹೊದಿಕೆ ಎಂದು ನನಗೆ ಆಗ ಹೊಳೆಯಲಿಲ್ಲ. ಅದನ್ನು ತೆಗೆಸಿದವಳು ನಾನು.

ಎರಡನೇ ವಾರ ಅವಳು ಬೇರೆ ಕಥೆ ತಂದಳು. ಅಮ್ಮ ಮಗಳ ಜಡೆ ಹಾಕುತ್ತಿದ್ದಾಳೆ. ಜಡೆಯ ಮೂರು ಎಳೆಗಳು ಒಂದರ ಮೇಲೊಂದು ಬೀಳುತ್ತಾ ಯಂತ್ರದ ಲಯವಾಗುತ್ತವೆ. ಯಂತ್ರಕ್ಕೆ ಹಾಳೆ ಕೊಡುವ ಕೈ, ಹಾಳೆ ತೆಗೆಯುವ ಕೈ. ಒಮ್ಮೆ ಕೈ ಹೊರಗೆ ಬರುವುದಿಲ್ಲ. ಮತ್ತೆ ಜಡೆ, ಈಗ ಎಳೆಗಳು ಅಮ್ಮನ ಕೈಯಲ್ಲಿ ನಿಲ್ಲುವುದಿಲ್ಲ, ಮಗಳು ತನ್ನ ಜಡೆಯ ಒಂದು ಎಳೆಯನ್ನು ತಾನೇ ಹಿಡಿದುಕೊಳ್ಳುತ್ತಾಳೆ. ಅಷ್ಟೆ. ಮಾತಿಲ್ಲ.

ತರಗತಿಯಲ್ಲಿ ಪಾತ್ರದ ಕೈ ಹೇಗಿರಬೇಕು ಎಂಬ ಮಾತು ಬಂತು. ಕಾರ್ಟೂನಿನಲ್ಲಿ ಕೈಗೆ ಸಾಮಾನ್ಯವಾಗಿ ನಾಲ್ಕೇ ಬೆರಳು ಬಿಡಿಸುವ ರೂಢಿಯಿದೆ. ಒಂದು ಬೆರಳು ಉಳಿದರೆ ಸಾವಿರಾರು ಚಿತ್ರಗಳಲ್ಲಿ ಅಷ್ಟು ಕೆಲಸ ಉಳಿಯುತ್ತದೆ. ಕಿರಣ ಎಂಬ ಹುಡುಗ ಹಿಂದಿನ ಬೆಂಚಿನಿಂದ, "ನಾಲ್ಕೇ ಇರ್ಲಿ ಕಣೇ, ಐದು ಬೆರಳು ಕುಣಿಸೋ ಅಷ್ಟೊತ್ತಿಗೆ ನೀನು ಅಜ್ಜಿಯಾಗ್ತೀಯ" ಎಂದು ನಗಿಸಿದ.

ಪವಿತ್ರ ತಲೆ ಎತ್ತದೆ, "ನಿಂಗೆ ಇನ್ನೂ ಸುಲಭ ಮಾಡ್ಕೊಡ್ಲಾ? ನಮ್ಮವ್ವಂಗೆ ಎರಡೇ ಇರೋದು" ಎಂದಳು.

ಮರುದಿನ ಕಿರಣ ಅವಳಿಗಾಗಿ ಕೈಯ ಎಲುಬುಗಳ ಚಿತ್ರಗಳನ್ನು ಹುಡುಕಿ ತಂದು ಮೇಜಿನ ಮೇಲಿಟ್ಟು ಹೋದ.

ಮೂರನೇ ವಾರದ ಭಾನುವಾರ ನಾನು ಕಳಲೆಗೆ ಹೋದೆ. ನಮ್ಮ ಕೆಲಸದಲ್ಲಿ ರೆಫರೆನ್ಸ್ ಎಂಬುದೊಂದಿದೆ. ಯಾವ ಚಲನೆಯನ್ನು ಚಿತ್ರಿಸಬೇಕೋ ಅದನ್ನು ನಿಜವಾಗಿ ಮಾಡಬಲ್ಲವರಿಂದ ಮಾಡಿಸಿ, ವಿಡಿಯೋ ತೆಗೆದು, ಅದನ್ನು ಮುಂದಿಟ್ಟುಕೊಂಡು ಬಿಡಿಸುವುದು. ಪವಿತ್ರಳ ತಾಯಿ ಮಹದೇವಮ್ಮ ಜಗಲಿಯಲ್ಲೇ ಕಾದಿದ್ದರು. ನಲವತ್ತರ ಆಸುಪಾಸಿನ ಹೆಂಗಸು. ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಪೂರ್ತಿ ಇದ್ದವು. ನಡುವಿನ ಮೂರು, ಬುಡದ ಗೆಣ್ಣಿನಿಂದಾಚೆಗೆ ಇರಲಿಲ್ಲ. ಸೆರಗಿನಲ್ಲಿ ಅದನ್ನು ಮುಚ್ಚಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

"ಸಿನಿಮಾದೋರು ಬತ್ತಾರೆ ಅಂದಿದ್ಲು ನಮ್ ಕೂಸು. ಕ್ಯಾಮ್ರಾನೇ ಕಾಣೆ" ಎಂದರು.

ನಾನು ಫೋನು ತೋರಿಸಿದೆ.

"ಇದೇಯಾ? ಇಂಥದ್ದು ನಮ್ಮನೇಲೂ ಅದೆ ಬುಡಿ. ಮತ್ತೆ ಈರೋಯಿನ್ ನಾನೇಯಾ?"

"ನೀವೇ" ಎಂದೆ.

"ಓಗ್ಲಿ, ಈ ವಯಸ್ನಲ್ಲಾದ್ರೂ ಸಿಕ್ತಲ್ಲ."

ಟೀ ಕುಡಿದ ಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಅವರು ಕೈಗಾರಿಕಾ ಪ್ರದೇಶದ ಒಂದು ರಟ್ಟಿನ ಪೆಟ್ಟಿಗೆ ಘಟಕದಲ್ಲಿ ಕತ್ತರಿಸಿ ಬಂದ ಹಾಳೆಗಳ ಅಂಚು ಬಿಡಿಸುವ ಕೆಲಸಕ್ಕೆ ಸೇರಿದ್ದರು. ಪಂಚಿಂಗ್ ಯಂತ್ರ ನಡೆಸುತ್ತಿದ್ದವನು ಕೆಲಸ ಬಿಟ್ಟು ಹೋದ. ಈ ಯಂತ್ರ ನೆಟ್ಟಗೆ ನಿಲ್ಲಿಸಿದ ದೊಡ್ಡ ಪುಸ್ತಕದ ಹಾಗೆ ತೆರೆದು ಮುಚ್ಚುತ್ತದೆ. ತೆರೆದಾಗ ಕತ್ತರಿಸಿದ ಹಾಳೆಯನ್ನು ಒಂದು ಕೈಯಲ್ಲಿ ತೆಗೆದು ಇನ್ನೊಂದು ಕೈಯಲ್ಲಿ ಹೊಸ ಹಾಳೆ ಇಡಬೇಕು. ಮುಚ್ಚಿದಾಗ ಒಳಗಿನ ಬ್ಲೇಡುಗಳು ಹಾಳೆಯನ್ನು ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುತ್ತವೆ. ಸೂಪರ್‌ವೈಸರ್ ಮಹದೇವಮ್ಮನಿಗೆ ಎರಡು ದಿನ ನೋಡಿಕೋ ಎಂದ. ಎರಡು ದಿನ ಏಳು ತಿಂಗಳಾಯಿತು.

"ಬಾಯ್ ಮುಂದೆ ಒಂದು ಕಂಬಿ ಇತ್ತು ಕಣ್ರವ್ವ. ಕೈ ತಾಕುದ್ರೆ ಮಿಷಿನ್ನು ನಿಂತೋಗದು. ಆದ್ರೆ ಆಳೆ ತಾಕುದ್ರೂ ನಿಂತೋಗದು. ಘಳಿಗ್ಗೊಂದ್ ಸಲ ನಿಂತ್ರೆ ಕೆಲಸ ಓಡ್ತದಾ? ಅದ್ಕೆ ಕಟ್‌ಬುಟ್ಟಿದ್ರು."

"ಯಾವುದರಿಂದ ಕಟ್ಟಿದ್ದರು?"

"ಬಂಡಲ್ ಕಟ್ತಾರಲ್ಲ, ಪ್ಲಾಸ್ಟಿಕ್ ಪಟ್ಟಿ."

"ಬಣ್ಣ?"

ಅವರು ನನ್ನನ್ನು ಒಂದು ಕ್ಷಣ ನೋಡಿದರು. "ನೀಲಿ" ಎಂದರು. ನಾನು ಬರೆದುಕೊಂಡೆ. ಪವಿತ್ರಳಿಗೆ, "ನೋಡು, ಇದು ವಿವರ. ಇದನ್ನು ನೀನಾಗಿ ಕಲ್ಪಿಸಲಾರೆ" ಎಂದೆ. ಆ ಮಾತು ಹೇಳುವಾಗ ನನಗೆ ಖುಷಿಯಾಗಿತ್ತು. ಅದನ್ನೂ ಬರೆಯಬೇಕು.

ಹಾಗೆಯೇ ಯಂತ್ರದ ವೇಗ ಹೇಗಿತ್ತು ಎಂದು ಕೇಳಿದೆ. ಮಹದೇವಮ್ಮ ಅಡುಗೆಮನೆಯಿಂದ ಒಂದು ತಟ್ಟೆಯನ್ನೂ ಸೌಟನ್ನೂ ತರಿಸಿ, ಎಡಗೈಯಲ್ಲಿ ಬಡಿದು ತೋರಿಸಿದರು. "ಮೊದ್ಲು ಇಂಗಿತ್ತು." ಒಂದು ನಿಮಿಷ ಬಡಿದರು, ನಾನು ರೆಕಾರ್ಡ್ ಮಾಡಿದೆ. "ದೀಪಾವಳಿ ಸ್ವೀಟ್ ಬಾಕ್ಸ್ ಆರ್ಡ್ರು ಬಂದ್ಮೇಲೆ ಇಂಗಾಯ್ತು." ಮತ್ತೆ ಒಂದು ನಿಮಿಷ. ಎರಡನೆಯ ಸಲ ಬಡಿಯುವಾಗ ಅವರ ಭುಜ ಮುಂದೆ ಬಾಗಿತು, ಕುತ್ತಿಗೆಯ ನರ ಬಿಗಿಯಿತು. ಅದು ನಟನೆಯಾಗಿರಲಿಲ್ಲ.

ಟ್ರಂಕಿನ ಮುಚ್ಚಳವನ್ನು ಯಂತ್ರದ ಬಾಯಿ ಮಾಡಿಕೊಂಡೆವು. ರೆಕಾರ್ಡ್ ಆದ ಬಡಿತಕ್ಕೆ ಸರಿಯಾಗಿ ಪವಿತ್ರ ಮುಚ್ಚಳ ತೆರೆದು ಮುಚ್ಚಿದಳು. ಮಹದೇವಮ್ಮ ಹಳೆಯ ರಟ್ಟುಗಳನ್ನು ಇಟ್ಟು ತೆಗೆದು ತೋರಿಸಿದರು. ಬಲಗೈಯಲ್ಲಿ ರಟ್ಟು ನಿಲ್ಲುತ್ತಿರಲಿಲ್ಲ; ಆದರೆ ಕೈ ಹೋಗುವ ದಾರಿ, ಮೊಣಕೈ ತಿರುಗುವ ಜಾಗ ಸ್ವಲ್ಪವೂ ತಪ್ಪುತ್ತಿರಲಿಲ್ಲ. ಮಗಳು ಮುಚ್ಚಳ ಇಳಿಸುವಾಗ ಅರ್ಧದಲ್ಲೇ ಹಿಡಿದುಕೊಳ್ಳುತ್ತಿದ್ದಳು.

"ಬುಡು ಮೊಗ, ಟ್ರಂಕು ಕಚ್ಚಲ್ಲ" ಎಂದರು ತಾಯಿ.

ಹೊರಡುವಾಗ ಅವರು ಕೇಳಿದರು, "ಇದ್ನ ಯಾರ್ಯಾರ್ ನೋಡ್ತಾರೆ, ಮೇಡಮ್ಮೋರೆ?"

"ಕಾಲೇಜಿನವರು ಅಷ್ಟೆ" ಎಂದೆ.

"ಅಂಗಾದ್ರೆ ಸರಿ. ನಾನಿನ್ನೂ ಅಲ್ಲೇ ಕೆಲ್ಸ ಮಾಡ್ತಾ ಇವ್ನಿ. ಅದ್ಕೇಳ್ದೆ."

ಅಪಘಾತವಾದ ಮೇಲೆ ಘಟಕದವರು ಅವರನ್ನು ಲೇಬಲ್ ಅಂಟಿಸುವ ಕೆಲಸಕ್ಕೆ ಹಾಕಿಕೊಂಡಿದ್ದರು. ಅದಕ್ಕೆ ಮೊದಲು ಒಂದು ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಅದರಲ್ಲಿದ್ದದ್ದು ಇದು: ಮಹದೇವಮ್ಮ ಅಂಚು ಬಿಡಿಸುವ ಸಹಾಯಕಿ. ಯಂತ್ರಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಯಾರೂ ಹೇಳದಿದ್ದರೂ ಅವರಾಗಿ ಕೈ ಹಾಕಿದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಪವಿತ್ರಳ ಓದು ನಡೆಯುತ್ತಿದ್ದದ್ದು ಆ ಲೇಬಲ್ ಕೆಲಸದಿಂದ. ಇದೆಲ್ಲ ನನಗೆ ಆ ಭಾನುವಾರವೇ ತಿಳಿದಿತ್ತು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ನಾಲ್ಕನೇ ವಾರ ತರಗತಿಯಲ್ಲಿ ಫೋನಿನ ವಿಡಿಯೋ ಇಟ್ಟುಕೊಂಡು ಫ್ರೇಮ್ ಎಣಿಸಿದೆವು. ಮೊದಲಿನ ಬಡಿತ ನಿಮಿಷಕ್ಕೆ ಇಪ್ಪತ್ತು. ಅಂದರೆ ಯಂತ್ರ ತೆರೆದು ಮುಚ್ಚುವ ಒಂದು ಸುತ್ತಿಗೆ ಎಪ್ಪತ್ತೆರಡು ಫ್ರೇಮ್. ಅದರಲ್ಲಿ ಅರ್ಧ ಹೊತ್ತು ಬಾಯಿ ಕೈ ಹಿಡಿಸುವಷ್ಟು ತೆರೆದಿರುತ್ತದೆ ಎಂದುಕೊಂಡರೆ ಮೂವತ್ತಾರು. ಮಹದೇವಮ್ಮ ಹಾಳೆ ತೆಗೆದು, ಹೊಸದನ್ನು ಇಟ್ಟು, ಕೈ ಹೊರಗೆ ತರಲು ತೆಗೆದುಕೊಳ್ಳುತ್ತಿದ್ದದ್ದು ಮೂವತ್ತೆರಡು. ನಾಲ್ಕು ಫ್ರೇಮ್ ಉಳಿಯುತ್ತಿತ್ತು. ಎರಡನೆಯ ಬಡಿತ ನಿಮಿಷಕ್ಕೆ ಇಪ್ಪತ್ತಾರು. ಒಂದು ಸುತ್ತಿಗೆ ಐವತ್ತೈದು ಫ್ರೇಮ್, ತೆರೆದಿರುವುದು ಹೆಚ್ಚೆಂದರೆ ಇಪ್ಪತ್ತೆಂಟು. ಕೈಗೆ ಬೇಕಾದದ್ದು ಅದೇ ಮೂವತ್ತೆರಡು.

ಕಿರಣ ಮತ್ತೆ ಎಣಿಸಿದ. ಮೂರನೇ ಸಲವೂ ಎಣಿಸಿದ. "ನಾಲ್ಕು ಕಮ್ಮಿ ಬತ್ತದೆ, ಮೇಡಂ" ಎಂದ.

ನಾಲ್ಕು ಫ್ರೇಮ್ ಎಂದರೆ ಸೆಕೆಂಡಿನ ಆರನೇ ಒಂದು ಭಾಗ. ಅಷ್ಟನ್ನು ಆ ಹೆಂಗಸು ನಿಮಿಷಕ್ಕೆ ಇಪ್ಪತ್ತಾರು ಸಲ ತನ್ನ ಕೈಯ ವೇಗದಿಂದಲೇ ಉಳಿಸಿಕೊಳ್ಳುತ್ತಿದ್ದರು. ಒಂದು ಸಲ ಆಗಲಿಲ್ಲ.

ಇದು ತಟ್ಟೆ, ಟ್ರಂಕು ಮತ್ತು ನೆನಪಿನಿಂದ ತೆಗೆದ ಲೆಕ್ಕ. ಯಂತ್ರದ ಮುಂದೆ ನಿಂತು ಅಳೆದದ್ದಲ್ಲ. ಆಗಲೂ ನಾನು ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳಿದೆ. ಆದರೆ ಆ ಗೋಡೆಯ ಮುಂದೆ ನಿಂತಿದ್ದ ಹದಿನಾಲ್ಕು ಜನರಲ್ಲಿ ಯಾರಿಗೂ ಅದರ ಬಗ್ಗೆ ಅನುಮಾನ ಇರಲಿಲ್ಲ. ಪವಿತ್ರ ಅಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಚೌಕಗಳ ಕೆಳಗೆ ಅಂಕಿಗಳನ್ನು ತುಂಬಿದಳು.

ಐದನೇ ವಾರ ಪುಸ್ತಿಕೆ. ಇಲ್ಲಿ ನನ್ನ ಒಂದು ನಿಯಮದ ಬಗ್ಗೆ ಹೇಳಬೇಕು. ರೆಫರೆನ್ಸ್ ಯಾರಿಂದ ಬಂತೋ ಅವರ ಹೆಸರನ್ನು ಆ ಪುಟದಲ್ಲೇ ಬರೆಯಬೇಕು. ಸ್ಟುಡಿಯೋಗಳಲ್ಲಿ ನೃತ್ಯ ಮಾಡಿ ತೋರಿಸಿದವರ, ಕುಸ್ತಿ ಆಡಿ ತೋರಿಸಿದವರ ಹೆಸರು ಎಲ್ಲೂ ಬರುವುದಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಅದು ಕಳ್ಳತನ ಎಂದು ನನ್ನ ಅಭಿಪ್ರಾಯ. ಹೆಸರು ಬರೆಯದವರಿಗೆ ಅಂಕ ಕಳೆಯುತ್ತಿದ್ದೆ. ಪವಿತ್ರ ಚಲನೆಯ ಪುಟದ ಕೆಳಗೆ "ಆಕರ: ನನ್ನ ತಾಯಿ" ಎಂದಷ್ಟೇ ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಪಕ್ಕದಲ್ಲಿ ಬರೆದೆ: "ಪೂರ್ಣ ಹೆಸರು? ಎಷ್ಟು ಅನುಭವ?"

ಅವಳು ತಿದ್ದಿ ತಂದಳು. "ಆಕರ: ಮಹದೇವಮ್ಮ, ಪಂಚಿಂಗ್ ಯಂತ್ರದಲ್ಲಿ ಏಳು ತಿಂಗಳ ಅನುಭವ." ಪುಟದ ಮೇಲ್ಭಾಗದಲ್ಲಿ ವಿಡಿಯೋದಿಂದ ತೆಗೆದ ಆರು ಚಿತ್ರಗಳಿದ್ದವು. ಎದುರು ಪುಟದಲ್ಲಿ ಯಂತ್ರ, ಕಂಬಿ, ನೀಲಿ ಪಟ್ಟಿ. ನಾನು ಸಹಿ ಹಾಕಿದೆ. ಕಳಲೆಯ ಜಗಲಿಯಲ್ಲಿ ಕೊಟ್ಟ ಮಾತಾಗಲಿ, ಯಂತ್ರಕ್ಕೂ ಅವರಿಗೂ ಸಂಬಂಧವಿಲ್ಲ ಎಂದಿದ್ದ ಹೆಬ್ಬೆಟ್ಟಿನ ಕಾಗದವಾಗಲಿ ಸಹಿ ಹಾಕುವಾಗ ನನ್ನ ನೆನಪಿಗೆ ಬರಲಿಲ್ಲ. ಒಳ್ಳೆಯ ಪುಸ್ತಿಕೆ ಎಂದಷ್ಟೇ ಮನಸ್ಸಿನಲ್ಲಿತ್ತು.

ತೀರ್ಪುಗಾರರು ಪ್ರತಿವರ್ಷ ನಮ್ಮ ಕಾಲೇಜಿನವರೇ ಆಗಿರುತ್ತಿದ್ದರು. ಆ ವರ್ಷ ಪ್ರಾಂಶುಪಾಲರು ಸ್ಥಳೀಯ ಉದ್ದಿಮೆಯಿಂದಲೂ ಒಬ್ಬರಿರಲಿ ಎಂದು ಕೈಗಾರಿಕಾ ಪ್ರದೇಶದ ಘಟಕಗಳಿಗೆ ಯಂತ್ರದ ಬಿಡಿಭಾಗ ಪೂರೈಸುವವರೊಬ್ಬರನ್ನು ಕರೆದಿದ್ದರು. ನನಗೆ ಎರಡು ದಿನ ಮೊದಲೇ ತಿಳಿಸಿದ್ದರು. ಆ ಎರಡು ದಿನದಲ್ಲಿ ಒಂದು ಪುಟ ತೆಗೆಯಬಹುದಿತ್ತು.

ಬಂದವರು ಸಭ್ಯರು. ಪವಿತ್ರಳ ಅನಿಮ್ಯಾಟಿಕ್ ನೋಡುವಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಚೆನ್ನಾಗಿದೆ ಕಣಮ್ಮ. ಈ ಮೆಷೀನು ಎಲ್ಲಿ ನೋಡ್ದೆ?"

"ನಾನು ನೋಡಿಲ್ಲ ಸರ್. ಅಮ್ಮ ಹೇಳಿದ್ದು."

"ಪಟ್ಟಿ ನೀಲಿ ಯಾಕೆ?"

"ಅದು ನೀಲೀನೇ ಇದ್ದದ್ದು ಸರ್."

ಅವರು ತಲೆಯಾಡಿಸಿ ಪುಟ ತಿರುವಿದರು. ಆಕರ ಎಂದಿದ್ದ ಸಾಲಿನ ಮೇಲೆ ಅವರ ಬೆರಳು ನಿಂತದ್ದನ್ನು ನಾನು ನೋಡಿದೆ. ಅಂಕ ಎಲ್ಲರಿಗಿಂತ ಹೆಚ್ಚು ಕೊಟ್ಟರು. ಹೋಗುವಾಗ, ಈ ಪುಸ್ತಿಕೆಯನ್ನು ನಮ್ಮವರಿಗೂ ತೋರಿಸಬೇಕು, ಸುರಕ್ಷತೆ ದೃಷ್ಟಿಯಿಂದ ಒಳ್ಳೆಯದು ಎಂದು ಹೇಳಿ ಕೈಯಲ್ಲಿ ಹಿಡಿದುಕೊಂಡು ಹೋದರು. ಅವರ ಉದ್ದೇಶ ಕೆಟ್ಟದ್ದಾಗಿತ್ತು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ.

ಅದು ಗುರುವಾರ. ಸೋಮವಾರ ಬೆಳಗ್ಗೆ ಮಹದೇವಮ್ಮನನ್ನು ಗೇಟಿನಲ್ಲೇ ನಿಲ್ಲಿಸಿದರು. ಕಾಗದ ಏನೂ ಕೊಡಲಿಲ್ಲ. ಸೂಪರ್‌ವೈಸರ್ ಹೊರಗೆ ಬಂದು, "ಸಿನಿಮಾದಲ್ಲಿ ಇದ್ದೀಯಂತಲ್ಲ, ಅಲ್ಲೇ ದುಡ್ಕೊ ಓಗು" ಎಂದನಂತೆ. ಇದನ್ನು ಪವಿತ್ರ ನನಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು. ಒಳಗೆ ಬಾ ಎಂದರೂ ಬರಲಿಲ್ಲ.

ಅದೇ ವಾರ ಮತ್ತೊಂದು ಸುದ್ದಿ ಬಂತು. ಈಗ ಆ ಯಂತ್ರದಲ್ಲಿದ್ದದ್ದು ನಾಗರತ್ನ ಎಂಬ ಹೆಂಗಸು, ಮಹದೇವಮ್ಮನ ಪರಿಚಯದವಳು. ಶನಿವಾರವೇ ನೀಲಿ ಪಟ್ಟಿಯನ್ನು ಕತ್ತರಿಸಿ, ಕಂಬಿಯನ್ನು ಸರಿಪಡಿಸಿ, ವೇಗವನ್ನು ಇಳಿಸಿದ್ದಾರೆ ಎಂದು ಅವಳು ಹೇಳಿ ಕಳಿಸಿದ್ದಳು. ನಾನು ಕಳಲೆಗೆ ಹೋದಾಗ ಮಹದೇವಮ್ಮ ಮೊದಲು ಹೇಳಿದ್ದು ಇದನ್ನೇ.

"ನಾಗರತ್ನುನ್ ಕೈ ಉಳೀತು ಬುಡಿ. ನಂದೇನು, ಓಗಿದ್ದು ಓಯ್ತು."

ನಾನು ತಪ್ಪಾಯಿತು ಎಂದೆ. ಅವರು, "ತಪ್ಪೋ ಒಪ್ಪೋ, ಕೂಸು ಫೈನಲ್ ಇಯರ್ರು, ನಂಗೆ ಕೆಲ್ಸ ಬೇಕು" ಎಂದರು.

ಹತ್ತು ದಿನದ ನಂತರ ಪ್ರಾಂಶುಪಾಲರು ನನ್ನನ್ನು ಕರೆದರು. ಘಟಕದವರು ಒಂದು ಮಾತು ಹೇಳಿ ಕಳಿಸಿದ್ದರು. ಪುಸ್ತಿಕೆಯನ್ನು ಹಿಂತೆಗೆದುಕೊಂಡು, ಅದರಲ್ಲಿರುವುದು ಪೂರ್ತಿ ಕಾಲ್ಪನಿಕ ಎಂದು ಕಾಲೇಜಿನಿಂದ ಪತ್ರ ಬಂದರೆ, ಆ ಹೆಂಗಸನ್ನು ಮತ್ತೆ ತೆಗೆದುಕೊಳ್ಳುತ್ತಾರೆ. ಪತ್ರಕ್ಕೆ ಮಾರ್ಗದರ್ಶಕಿಯಾದ ನಾನೂ ವಿದ್ಯಾರ್ಥಿನಿಯೂ ಸಹಿ ಹಾಕಬೇಕು.

ಪವಿತ್ರ ಹಾಕುವುದಿಲ್ಲ ಎಂದಳು. "ನೀವೇ ತಾನೆ ಮೇಡಂ, ನೋಡಿದ್ದನ್ನು ತಾ ಅಂದದ್ದು?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಉತ್ತರ ಬೇಕಾಗಿತ್ತು. ಅವಳ ತಾಯಿಗೆ ಫೋನು ಮಾಡಿದೆವು. ಮಹದೇವಮ್ಮ, "ಆಕು ಮೊಗ. ಒಂದ್ಸಲ ನಾನು ಒತ್ತಿಲ್ವಾ, ಅಂಗೆ ನೀನೂ ಆಕು" ಎಂದರು.

ಪತ್ರವನ್ನು ಬರೆದವಳು ನಾನು. ಅದರ ವಾಕ್ಯ ನನಗೆ ಈಗಲೂ ಬಾಯಿಪಾಠ. "ಸದರಿ ಚಿತ್ರದ ಯಂತ್ರ, ವ್ಯಕ್ತಿ, ವೇಗದ ಲೆಕ್ಕ ಎಲ್ಲವೂ ವಿದ್ಯಾರ್ಥಿನಿಯ ಕಲ್ಪನೆಯಾಗಿದ್ದು, ಯಾವುದೇ ನೈಜ ಘಟನೆಗೆ ಸಂಬಂಧಿಸಿರುವುದಿಲ್ಲ." ಮೊದಲು ಪವಿತ್ರ, ಆಮೇಲೆ ನಾನು, ಕೊನೆಗೆ ಪ್ರಾಂಶುಪಾಲರು ಸಹಿ ಹಾಕಿದೆವು. ಪವಿತ್ರ ಕತ್ತರಿ ರಾಕ್ಷಸನ ಕಥೆಗೆ ಹಿಂತಿರುಗಲು ಒಪ್ಪಲಿಲ್ಲ. ಗಿಡ ನೆಡುವ ಆನೆಮರಿಯ ಕಥೆಯೊಂದನ್ನು ಎರಡು ದಿನದಲ್ಲಿ ಬರೆದುಕೊಟ್ಟಳು. ಅದನ್ನೇ ಮಾಡಿ ಪಾಸಾದಳು. ಅದರಲ್ಲಿ ತಪ್ಪೇನೂ ಇರಲಿಲ್ಲ, ನೋಡುವಂಥದ್ದೂ ಏನೂ ಇರಲಿಲ್ಲ.

ಘಟಕದವರು ಪತ್ರ ತೆಗೆದುಕೊಂಡರು. ಮಹದೇವಮ್ಮನನ್ನು ತೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳು ನೋಡೋಣ ಎಂದರು. ಮುಂದಿನ ತಿಂಗಳು, ನೀವು ನಮ್ಮವರೇ ಅಲ್ಲ, ಕಂಟ್ರಾಕ್ಟರ್ ಕಡೆಯವರು ಎಂದರು. ಅಷ್ಟು ಹೊತ್ತಿಗೆ ಅವರು ಊರಿನ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದರು. ಎರಡು ಬೆರಳಿನ ಕೈಯಲ್ಲಿ ಕಳೆ ಕೀಳಲು ಆಗದೆ, ಎಡಗೈಯಲ್ಲಿ ಕಲಿಯುತ್ತಿದ್ದರು.

ಪವಿತ್ರ ಪಾಸಾದ ಮರುವರ್ಷ ತಾಯಿಯ ಹೆಸರಿನಲ್ಲಿ ಒಂದು ಅರ್ಜಿ ಬರೆದು ಸಂಬಂಧಪಟ್ಟ ಕಚೇರಿಗೆ ಕೊಟ್ಟಳು. ಅಪಘಾತದ ದಾಖಲೆಯಲ್ಲಿ ಬರೆದಿರುವುದು ಸುಳ್ಳು, ತಾಯಿ ಏಳು ತಿಂಗಳು ಆ ಯಂತ್ರವನ್ನು ನಡೆಸುತ್ತಿದ್ದರು, ಅದನ್ನು ಸರಿಪಡಿಸಬೇಕು ಎಂಬುದು ಅರ್ಜಿ. ಆಧಾರವಾಗಿ ಪುಸ್ತಿಕೆಯ ಪ್ರತಿ ಲಗತ್ತಿಸಿದ್ದಳು. ವಿಚಾರಣೆಯ ದಿನ ನನ್ನನ್ನೂ ಕರೆಸಿದ್ದರು. ಘಟಕದವರು ನಮ್ಮ ಪತ್ರವನ್ನು ಮುಂದಿಟ್ಟರು.

ಅಧಿಕಾರಿ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನನ್ನನ್ನು ಕೇಳಿದರು. "ಇದರಲ್ಲಿ ನಿಜ ಅಂತ ಸೈನ್ ಮಾಡಿದ್ದೀರಿ. ಇದರಲ್ಲಿ ಸುಳ್ಳು ಅಂತ ಸೈನ್ ಮಾಡಿದ್ದೀರಿ. ಎರಡೂ ನಿಮ್ಮದೇ ಸೈನು. ನಾನು ಯಾವುದನ್ನು ಓದ್ಲಿ ಮೇಡಂ?"

ಪತ್ರ ಸುಳ್ಳು, ಅದನ್ನು ಬರೆದವಳು ನಾನೇ ಎಂದೆ. ಯಾಕೆ ಬರೆದೆ ಎಂದೂ ಹೇಳಿದೆ. ಬರೆದು ಕೊಡಿ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ನಾಲ್ಕು ಪುಟ ಬರೆದೆ. ಬಡಿತ ಇಪ್ಪತ್ತು, ಬಡಿತ ಇಪ್ಪತ್ತಾರು, ಮೂವತ್ತಾರು, ಇಪ್ಪತ್ತೆಂಟು, ಮೂವತ್ತೆರಡು ಎಂದು ಎಲ್ಲ ಅಂಕಿಗಳನ್ನೂ ಬರೆದೆ. ಅಧಿಕಾರಿ ಓದಿದರು. ತಟ್ಟೆಯ ಮೇಲಿನ ಬಡಿತವನ್ನು ಅಳತೆ ಎಂದು ತೆಗೆದುಕೊಳ್ಳುವುದು ಕಷ್ಟ, ಯಂತ್ರ ಈಗ ಸರಿಯಾಗಿದೆ, ಆಗ ಹೇಗಿತ್ತು ಎಂಬುದಕ್ಕೆ ಬೇರೆ ಆಧಾರ ಬೇಕು ಎಂದರು. ನಾಗರತ್ನ ಸಾಕ್ಷಿ ಹೇಳಲು ಬರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅರ್ಜಿ ಇನ್ನೂ ಅಲ್ಲೇ ಇದೆ. ನಾನು ಆ ವರ್ಷದ ಕೊನೆಗೆ ಕಾಲೇಜು ಬಿಟ್ಟೆ. ಬಿಡಿಸಿದರು ಎಂದರೂ ಸುಳ್ಳಲ್ಲ.

ಈಗ ಬೇರೊಂದು ಕಡೆ ಪಾಠ ಮಾಡುತ್ತೇನೆ. ಕಂಡದ್ದನ್ನು ತನ್ನಿ ಎಂದು ಈಗಲೂ ಹೇಳುತ್ತೇನೆ, ಅದನ್ನು ಬಿಟ್ಟರೆ ಕಲಿಸಲು ನನ್ನಲ್ಲಿ ಹೆಚ್ಚೇನಿಲ್ಲ. ಆದರೆ ಅಂಕಿಗಳು, ಬಣ್ಣ, ಹೆಸರು, ಇವು ಚಿತ್ರಕ್ಕೆ ಬರುವ ಮೊದಲು ಬೇರೆಯವರ ಮನೆಯಲ್ಲಿದ್ದವು ಎಂಬುದನ್ನು ನಾನು ಈ ಕೆಲಸದಲ್ಲಿ ತಡವಾಗಿ ಕಲಿತೆ. ಹಾಗಾಗಿ ಪುಸ್ತಿಕೆ ಕಟ್ಟುವ ಮುಂಚೆ ವಿದ್ಯಾರ್ಥಿಯ ಜೊತೆ ನಾನೇ ಆ ಮನೆಗೆ ಹೋಗಿ, ಬರೆದದ್ದನ್ನೆಲ್ಲ ಓದಿ ಹೇಳುತ್ತೇನೆ. ಯಾರ್ಯಾರು ನೋಡಬಹುದು ಎಂಬುದನ್ನು, ನನಗೆ ಗೊತ್ತಿಲ್ಲದವರೂ ನೋಡಬಹುದು ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಬೇಡ ಎಂದರೆ ಆ ಪುಟವನ್ನು ಅಲ್ಲೇ ಬಿಟ್ಟು ಬರುತ್ತೇನೆ. ಕಳೆದ ವರ್ಷ ಎರಡು ಒಳ್ಳೆಯ ಕಥೆಗಳು ಹೀಗೆ ಹೋದವು.

ಈ ಬರಹವನ್ನೂ ಅಚ್ಚಿಗೆ ಕೊಡುವ ಮೊದಲು ಕಳಲೆಯ ಜಗಲಿಯಲ್ಲಿ ಕೂತು ಓದಿದೆ. ಪವಿತ್ರ ಮೈಸೂರಿನಲ್ಲಿ ಕೆಲಸದಲ್ಲಿದ್ದಳು, ಫೋನಿನಲ್ಲಿ ಕೇಳಿಸಿಕೊಂಡಳು. ಮಹದೇವಮ್ಮ ಹಸಿ ಅವರೆ ಸುಲಿಯುತ್ತಾ ಪೂರ್ತಿ ಕೇಳಿದರು. ತಮ್ಮ ಗಂಡನ ಬಗ್ಗೆ ನಾನು ಬರೆದಿದ್ದ ಎರಡು ಸಾಲನ್ನು ತೆಗೆಯಲು ಹೇಳಿದರು, ತೆಗೆದಿದ್ದೇನೆ. ಇನ್ನೇನಾದರೂ ತೆಗೆಯಬೇಕೇ, ನಿಮ್ಮ ಬಗ್ಗೆ ಬರೆದದ್ದು ಇರಲಿಯೇ ಎಂದು ಕೇಳಿದೆ.

"ಇರ್ಲಿ" ಎಂದರು. ಇನ್ನೊಂದು ಅವರೆಕಾಯಿ ಸುಲಿದು, ತಾವಾಗಿಯೇ ಹೇಳಿದರು. "ಅವ್ರ ಕಾಗ್ದದಲ್ಲಿ ನಾನು ಮಿಷಿನ್ಗೆ ಕೈ ಆಕ್ದೋಳು ಅಂತ ಅದೆ. ನೀವು ಅಂಗ್ ಬರೀಬ್ಯಾಡಿ. ಕೆಲ್ಸ ಮಾಡ್ತಾ ಇದ್ದೋಳು ಅಂತ ಬರೀರಿ."